ನಾಕಾ ಮುಚ್ಚಿದ ಮೇಲೆ: ಬಾಗಲಕೋಟೆ, ಬಾದಾಮಿ, ಇಳಕಲ್, ಹುನಗುಂದಗಳಿಗೆ ಸರ್ಕಾರದ ಹಣ ಬಂದ ಬಗೆ

ಕರ್ನಾಟಕದ ಸಣ್ಣ ಪಟ್ಟಣಗಳ ಹಣಕಾಸಿನ ಚರಿತ್ರೆಯಲ್ಲಿ 1979 ಒಂದು ತಿರುವು. ಆ ವರ್ಷ ರಾಜ್ಯ ಸರ್ಕಾರ ಆಕ್ಟ್ರಾಯ್ ರದ್ದುಮಾಡಿ, ಅದರ ಜಾಗಕ್ಕೆ ತಾನೇ ವಸೂಲು ಮಾಡುವ ಪ್ರವೇಶ ತೆರಿಗೆಯನ್ನು ತಂದಿತು. ಊರ ಹೆಬ್ಬಾಗಿಲಲ್ಲಿ ನಾಕಾ ಹಾಕಿಕೊಂಡು ಬರುವ ಸರಕಿನ ಮೇಲೆ ಪುರಸಭೆ ಎತ್ತುತ್ತಿದ್ದ ಹಣ ನಿಂತು, ಅದರ ಬದಲಿಗೆ ಬೆಂಗಳೂರಿನಿಂದ ಪರಿಹಾರದ ಅನುದಾನ ಬರತೊಡಗಿತು. ಅದೇ ಹೊತ್ತಿಗೆ, 1979–80ರಲ್ಲಿ, ಕೇಂದ್ರ ಸರ್ಕಾರ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಎರಡರ ನಡುವೆ ಕಾರ್ಯಕಾರಣ ಸಂಬಂಧವಿಲ್ಲ, ಕಾಲ ಮಾತ್ರ ಒಂದೇ. ಆದರೆ ಇಂದಿನ ಬಾಗಲಕೋಟೆ ಜಿಲ್ಲೆಯ ನಾಲ್ಕು ಪಟ್ಟಣಗಳ ಮುಂದಿನ ನಾಲ್ಕು ದಶಕಗಳನ್ನು ಓದುವಾಗ ಇವೆರಡನ್ನೂ ಜೊತೆಗಿಟ್ಟು ನೋಡದೆ ವಿಧಿಯಿಲ್ಲ. ಸ್ವಂತ ಆದಾಯದ ದೊಡ್ಡ ಮೂಲ ಕಳೆದುಕೊಂಡ ಊರು ಅನುದಾನಕ್ಕೆ ಅರ್ಜಿ ಹಾಕುವ ಊರಾಯಿತು. ಅರ್ಜಿಗೆ ಉತ್ತರ ಸಿಕ್ಕಿದ್ದು ಊರಿನ ಅಗತ್ಯವನ್ನು ಅಳೆದು ಅಲ್ಲ, ಆ ಊರಿಗೆ ದಿಲ್ಲಿ-ಬೆಂಗಳೂರುಗಳ ಕಡತದಲ್ಲಿ ಯಾವ ಗುರುತು ಇತ್ತು ಎಂಬುದನ್ನು ನೋಡಿ ಎಂಬುದು ಈ ಲೇಖನದ ವಾದ.

ಈ ಸೀಮೆ 1956ರ ವರೆಗೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯ ಭಾಗ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಬರುವ ತನಕ ಇಲ್ಲಿ ನಡೆದದ್ದು ಮುಂಬಯಿಯ ಕಾನೂನುಗಳೇ. ಆ ಕಾಲದ ಗುರುತಾಗಿ ಆಸ್ತಿಯ ದಾಖಲೆಗೆ ಇಂದಿಗೂ ಜನ ‘ಉತಾರ’ ಎನ್ನುತ್ತಾರೆ. ಹೋಟಗಿ–ಗದಗ ಮೀಟರ್‌ಗೇಜ್ ರೈಲು 1884ರ ಸುಮಾರಿಗೆ ಬಂದಾಗ ಬಾಗಲಕೋಟೆ, ಬಾದಾಮಿಗಳಿಗೆ ನಿಲ್ದಾಣ ಸಿಕ್ಕಿತು. ಹುನಗುಂದ, ಇಳಕಲ್‌ಗೆ ಸಿಗಲಿಲ್ಲ. ಆ ಎರಡು ಊರುಗಳು ಸೊಲ್ಲಾಪುರ–ಮಂಗಳೂರು ರಸ್ತೆಯನ್ನೇ ನೆಚ್ಚಿ ಬೆಳೆದವು. ಸೀರೆ, ನೂಲು, ಕಾಳುಕಡಿಯ ವ್ಯಾಪಾರವಿದ್ದ ಪೇಟೆಗೆ ನಾಕಾ ಎಂದರೆ ದಿನದ ರೊಕ್ಕ. ವ್ಯಾಪಾರ ಬೆಳೆದಷ್ಟೂ ಪುರಸಭೆಯ ಪೆಟ್ಟಿಗೆ ತುಂಬುತ್ತಿದ್ದ ಈ ನಂಟು 1979ರಲ್ಲಿ ಕಡಿಯಿತು. ಆಕ್ಟ್ರಾಯ್ ಒಳ್ಳೆಯ ತೆರಿಗೆಯೆಂದು ನಾನು ಹೇಳುತ್ತಿಲ್ಲ. ನಾಕಾದಲ್ಲಿ ಗಾಡಿ ನಿಂತು ಕೊಳೆಯುತ್ತಿತ್ತು, ಲಂಚವೂ ಇತ್ತು. ಆದರೂ ಅದು ಊರಿನದೇ ಹಣವಾಗಿತ್ತು.

ಸಣ್ಣ ಪಟ್ಟಣಗಳಿಗೆ ಕೇಂದ್ರ ತಂದ ಆ ಯೋಜನೆ ಮೊದಲ ಹದಿನೈದು ವರ್ಷ ಅನುದಾನವೇ ಆಗಿರಲಿಲ್ಲ. ಒಂದು ಲಕ್ಷದೊಳಗಿನ ಜನಸಂಖ್ಯೆಯ ಪಟ್ಟಣಗಳಿಗೆ ಕೇಂದ್ರ ಕೊಡುತ್ತಿದ್ದುದು ಸುಲಭ ಬಡ್ಡಿಯ ಸಾಲ, ಅದಕ್ಕೆ ಸರಿದೂಗುವಷ್ಟು ಪಾಲನ್ನು ರಾಜ್ಯ ಹಾಕಬೇಕಿತ್ತು. ದೊಡ್ಡ ನಗರಗಳಿಗೆ ಗುಳೆ ಹೋಗುವವರನ್ನು ನಡುದಾರಿಯಲ್ಲೇ ತಡೆಯಬೇಕೆಂಬುದು ಅದರ ಆಶಯ. 1995ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಪಟ್ಟಣಗಳನ್ನು ಜನಸಂಖ್ಯೆಯ ಮೇಲೆ ಐದು ವರ್ಗ ಮಾಡಿ, 20 ಸಾವಿರದೊಳಗಿನ ಊರಿಗೆ ಕೇಂದ್ರದಿಂದ ಗರಿಷ್ಠ 48 ಲಕ್ಷ ರೂಪಾಯಿ, 20ರಿಂದ 50 ಸಾವಿರದ ಊರಿಗೆ 90 ಲಕ್ಷ ಎಂದು ಮಿತಿ ಹಾಕಲಾಯಿತು. ಕಾಮಗಾರಿಯಿಂದ ಬರುವ ಆದಾಯವನ್ನು ಆವರ್ತ ನಿಧಿಯಲ್ಲಿಟ್ಟು ಮತ್ತೆ ಕಾಮಗಾರಿಗೆ ಬಳಸಬೇಕೆಂಬ ಷರತ್ತೂ ಇತ್ತು. ಇದರ ಫಲ ಊಹಿಸುವುದು ಕಷ್ಟವಲ್ಲ: ಚರಂಡಿ ಬಾಡಿಗೆ ಕೊಡುವುದಿಲ್ಲ, ಮಳಿಗೆ ಕೊಡುತ್ತದೆ. ರಾಜ್ಯದ ಎಷ್ಟೋ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಪುರಸಭೆಯ ವಾಣಿಜ್ಯ ಮಳಿಗೆಗಳ ಸಾಲು ಎದ್ದದ್ದರ ಹಿಂದೆ ಈ ಲೆಕ್ಕಾಚಾರವಿದೆ.

ಬಾಗಲಕೋಟೆಯ ಕಥೆ ಈ ಅಳತೆಗೆ ಸಿಗುವಂಥದ್ದಲ್ಲ. ಅದಕ್ಕೆ ಹಣ ತಂದದ್ದು ಮುಳುಗಡೆ. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ ದಿನವೇ ಘಟಪ್ರಭೆಯ ದಂಡೆಯ ಈ ಹಳೆಯ ಪೇಟೆಯ ತಗ್ಗಿನ ಓಣಿಗಳ ಹಣೆಬರಹ ಬರೆದಾಗಿತ್ತು. 1980ರ ದಶಕದಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿರುವ ಬಿಟಿಡಿಎ, ಹುಟ್ಟಿಕೊಂಡಿತು. ಮುಳುಗಡೆಯಾಗುವವರಿಗೆಂದು ಕಟ್ಟಿದ ನವನಗರದ ನಕ್ಷೆ ರೂಪಿಸಿದವರು ನವಿ ಮುಂಬಯಿಯ ಕಲ್ಪನೆಯಲ್ಲಿ ಪಾಲ್ಗೊಂಡಿದ್ದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಲಕ್ಷದ ಆಸುಪಾಸಿನ ಜನರಿದ್ದ ಒಂದು ಊರಿಗೆ ಅಗಲವಾದ ರಸ್ತೆ, ಸೆಕ್ಟರ್‌ಗಳು, ಶಾಲೆ-ಉದ್ಯಾನಗಳ ಜಾಗ ಎಲ್ಲವನ್ನೂ ಮೊದಲೇ ಗೆರೆ ಎಳೆದು ಕೊಟ್ಟ ಇನ್ನೊಂದು ಉದಾಹರಣೆ ಉತ್ತರ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಆದರೆ ಆ ಹಣ ನಗರಾಭಿವೃದ್ಧಿ ಇಲಾಖೆಯದಾಗಿರಲಿಲ್ಲ. ಅದು ನೀರಾವರಿ ಯೋಜನೆಯ ಪುನರ್ವಸತಿ ಖರ್ಚು. 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಎತ್ತಿದ ಸಾಲವೇ ಆಲಮಟ್ಟಿ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಗೆ ವೇಗ ಕೊಟ್ಟಿತು. ಸಂತ್ರಸ್ತರ ಪಾಲಿಗೆ ಮನೆ, ನಿವೇಶನ, ಪರಿಹಾರಗಳು ಕಳೆದುಕೊಂಡದ್ದರ ಬೆಲೆ. ಅದನ್ನು ಅನುದಾನ ಎಂದು ಎಣಿಸುವುದು ತಪ್ಪು. ಇಡೀ ಜಿಲ್ಲೆಯ ಪಟ್ಟಣಾಭಿವೃದ್ಧಿಯ ಲೆಕ್ಕದಲ್ಲಿ ಬಾಗಲಕೋಟೆಯನ್ನು ‘ಹೆಚ್ಚು ಪಡೆದ ಊರು’ ಎಂದು ತೋರಿಸುವ ಕೋಷ್ಟಕಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಇನ್ನೊಂದು ತೊಡಕೂ ಇದೆ. ಮುಳುಗಡೆಯ ಗೆರೆ ಒಂದೇ ಕಡೆ ನಿಲ್ಲಲಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಜಲಾಶಯದ ಮಟ್ಟವನ್ನು 519.60 ಮೀಟರಿಗೆ ಸೀಮಿತಗೊಳಿಸಿತು. 2010ರ ಡಿಸೆಂಬರಿನಲ್ಲಿ ಕೃಷ್ಣಾ ಜಲವಿವಾದದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. ಗೆರೆ ಏರಿದಾಗಲೆಲ್ಲ ಹಳೆಯ ಊರಿನ ಇನ್ನಷ್ಟು ಓಣಿಗಳು ‘ಹೋಗುವ’ ಪಟ್ಟಿಗೆ ಸೇರುತ್ತವೆ. ನಾಳೆ ಹೋಗುವ ಓಣಿಗೆ ಇಂದು ಯಾರು ಡಾಂಬರು ಹಾಕಿಸುತ್ತಾರೆ, ಯಾರು ಮಾಳಿಗೆ ರಿಪೇರಿ ಮಾಡಿಸುತ್ತಾರೆ? ಹಳೆ ಬಾಗಲಕೋಟೆ, ವಿದ್ಯಾಗಿರಿ, ನವನಗರ ಎಂದು ಮೂರು ತುಂಡಾದ ಊರಿನಲ್ಲಿ ನವನಗರದ ನಿರ್ವಹಣೆ ಬಹುಕಾಲ ಪ್ರಾಧಿಕಾರದ ಕೈಯಲ್ಲೂ ಹಳೆಯ ಊರು ನಗರಸಭೆಯ ಕೈಯಲ್ಲೂ ಉಳಿದದ್ದು ಈ ಒಡಕನ್ನು ಇನ್ನಷ್ಟು ಹಿಗ್ಗಿಸಿತು.

ಬಾದಾಮಿಯ ಗುರುತು ಅದರ ಗುಹೆಗಳು. 2011ರ ಜನಗಣತಿಯಲ್ಲಿ ಸುಮಾರು 31 ಸಾವಿರ ಜನರಿದ್ದ ಈ ಪುರಸಭೆ, 2015ರ ಜನವರಿಯಲ್ಲಿ ಆರಂಭವಾದ ಕೇಂದ್ರದ ‘ಹೃದಯ್’ ಪಾರಂಪರಿಕ ನಗರ ಯೋಜನೆಯಲ್ಲಿ ವಾರಾಣಸಿ, ಅಮೃತಸರ, ಪುರಿಗಳ ಪಂಕ್ತಿಯಲ್ಲಿ ಕೂತಿತು. ದೇಶದ 12 ನಗರಗಳಿಗೆ ಒಟ್ಟು 500 ಕೋಟಿ. ಬಾದಾಮಿಯ ಪಾಲು 22.26 ಕೋಟಿ. ನೀರು, ಒಳಚರಂಡಿಗಳಿಗೆ ಹಣ ಕೊಡುವ ಅದೇ ವರ್ಷದ ಕೇಂದ್ರದ ಅಮೃತ್ ಯೋಜನೆ ಮುಖ್ಯವಾಗಿ ಒಂದು ಲಕ್ಷ ದಾಟಿದ ನಗರಗಳದ್ದು. 1.12 ಲಕ್ಷದ ಬಾಗಲಕೋಟೆ ಆ ಹೊಸ್ತಿಲನ್ನು ಕೂದಲೆಳೆಯಲ್ಲಿ ದಾಟಿ ಒಳಹೊಕ್ಕರೆ, ಬಾದಾಮಿ ಪಾರಂಪರಿಕ ನಗರವೆಂಬ ಕಾರಣಕ್ಕೆ ಒಳಗೆ ಬಂತು. ಬಾದಾಮಿಯ ಎರಡು ಪಟ್ಟು ಜನರಿರುವ ಇಳಕಲ್ ಹೊರಗೇ ಉಳಿಯಿತು.

ಹಾಗೆಂದು ಬಾದಾಮಿಯವರು ಸುಖಿಗಳೆಂದು ತಿಳಿಯಬೇಕಾಗಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡವನ್ನೇ ನಿಷೇಧಿಸಿತು; ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಅಗಸ್ತ್ಯ ತೀರ್ಥ ಕೆರೆಯ ಸುತ್ತಲಿನ ಹಳೆಯ ಊರು ಇಂಥ ವೃತ್ತಗಳ ಒಳಗೇ ಇದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರ ಕೊಡುವ 1.5 ಲಕ್ಷ ರೂಪಾಯಿ ಅಲ್ಲಿನ ಬಡವನಿಗೆ ಕಾಗದದ ಮೇಲಿನ ಹಕ್ಕು. ಮಣ್ಣಿನ ಗೋಡೆ ಕುಸಿದರೂ ಹೊಸದಾಗಿ ಪಾಯಾ ತೋಡುವಂತಿಲ್ಲ. ಸ್ಮಾರಕ ಕಾಯುವ ಇಲಾಖೆಯ ಕಾಳಜಿ ನ್ಯಾಯವಾದದ್ದೇ. ಆದರೆ ರಸ್ತೆಗೆ, ಪ್ರವಾಸಿಗೆ ಹಣ ತಂದ ಗುಹೆಗಳೇ ಪಕ್ಕದ ಮನೆಯ ಅನುದಾನವನ್ನು ತಡೆಯುತ್ತವೆ.

ಇಳಕಲ್‌ನಲ್ಲಿ ವಸತಿ ಪ್ರಶ್ನೆಯ ಸ್ವರೂಪವೇ ಬೇರೆ. ಇಲ್ಲಿ ಮನೆಯೆಂದರೆ ಕಾರ್ಖಾನೆ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗಕ್ಕೆ ಗಟ್ಟಿ ನೆಲ, ಬೆಳಕು, ಹಾಸು ಎಳೆಯಲು ಉದ್ದನೆಯ ಜಾಗ ಬೇಕು. ನೂಲು ಸುತ್ತುವ ಹೆಂಗಸರಿಗೆ ಇನ್ನೊಂದು ಮೂಲೆ ಬೇಕು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಕೆಲಸವೂ ಅದೇ ಮನೆಯಲ್ಲಿ. 2005ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ನಗರ ಪುನರುತ್ಥಾನ ಅಭಿಯಾನದ ಅಂಗವಾಗಿ ಸಣ್ಣ ಪಟ್ಟಣಗಳಿಗೆ ಎರಡು ಯೋಜನೆಗಳು ಬಂದವು. ಮೂಲಸೌಕರ್ಯದ್ದರಲ್ಲಿ ಕೇಂದ್ರ 80, ರಾಜ್ಯ 10, ಸ್ಥಳೀಯ ಸಂಸ್ಥೆ 10ರ ಪಾಲು; ವಸತಿ ಮತ್ತು ಕೊಳೆಗೇರಿ ಅಭಿವೃದ್ಧಿಯದ್ದರಲ್ಲಿ 80ಕ್ಕೆ 20. ಎರಡನೆಯದರ ಮಾರ್ಗಸೂಚಿ ಮನೆಗೆ ಕನಿಷ್ಠ 25 ಚದರ ಮೀಟರ್, ಎರಡು ಕೋಣೆ, ಅಡುಗೆಮನೆ, ಶೌಚಾಲಯ ಎಂದು ಹೇಳಿ, ವೆಚ್ಚಕ್ಕೆ ಆರಂಭದಲ್ಲಿ 80 ಸಾವಿರ ರೂಪಾಯಿಯ ಮಿತಿ ಹಾಕಿತು. ಪುಕ್ಕಟೆ ಕೊಡಬಾರದೆಂದು ಫಲಾನುಭವಿಯಿಂದ ಶೇ 12, ಪರಿಶಿಷ್ಟರು, ಹಿಂದುಳಿದವರಿಂದ ಶೇ 10 ವಂತಿಗೆ ಕೇಳಿತು. ಹಕ್ಕುಪತ್ರ ಆದಷ್ಟೂ ಹೆಂಡತಿಯ ಹೆಸರಿನಲ್ಲಿರಲಿ ಎಂದದ್ದು ಅದರ ಒಳ್ಳೆಯ ಅಂಶ. ಮಗ್ಗದ ಮಾತು ಮಾತ್ರ ಆ ಅಳತೆಯಲ್ಲಿ ಎಲ್ಲೂ ಇಲ್ಲ. ಎರಡು ಕೋಣೆಯಲ್ಲಿ ಒಂದನ್ನು ಮಗ್ಗಕ್ಕೆ ಬಿಟ್ಟರೆ ಮನೆಮಂದಿ ಮಲಗುವುದು ಉಳಿದ ಒಂದರಲ್ಲಿ.

ನೇಕಾರರಿಗೆಂದೇ ಬೇರೆ ದಾರಿ ಇರಲಿಲ್ಲವೇ? ಇತ್ತು. ಕೇಂದ್ರದ ಜವಳಿ ಇಲಾಖೆ 1985–86ರಿಂದ ಕೆಲಸದ ಕೊಟ್ಟಡಿ ಸಹಿತ ಮನೆಯ ಯೋಜನೆ ನಡೆಸಿತ್ತು. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ರಾಜ್ಯದಲ್ಲಿ ನೇಕಾರ ಕಾಲೋನಿಗಳನ್ನು ಕಟ್ಟಿಸಿತು. ಆದರೆ ಜವಳಿ ಇಲಾಖೆಯ ಪಟ್ಟಿ ಬೇರೆ, ಕೊಳೆಗೇರಿ ಮಂಡಳಿಯ ಪಟ್ಟಿ ಬೇರೆ, 1991–92ರಲ್ಲಿ ಶುರುವಾದ ರಾಜ್ಯದ ಆಶ್ರಯ ವಸತಿ ಯೋಜನೆಯ ಪಟ್ಟಿ ಮತ್ತೊಂದು. ಪಟ್ಟಣದ ಆಶ್ರಯ ಸಮಿತಿಗೆ ಅಧ್ಯಕ್ಷರು ಶಾಸಕರು. ಕಾಲೋನಿಗೆ ನೀರು, ದೀಪ, ಚರಂಡಿ ಕೊಡಬೇಕಾದ್ದು ಪುರಸಭೆ. ಪುರಸಭೆಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 74ನೇ ತಿದ್ದುಪಡಿ 1993ರಲ್ಲಿ ಜಾರಿಯಾದ ಮೇಲೂ ಈ ಏರ್ಪಾಡು ಕದಲಲಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಅದನ್ನು ನೇಯುವ ಕೋಣೆಗೆ ಒಂದು ಮಾನದಂಡ ಸಿಕ್ಕಿಲ್ಲ.

ಹುನಗುಂದದ ಬಗ್ಗೆ ಬರೆಯಲು ಕಡಿಮೆ ಇದೆ, ಆ ಕಡಿಮೆಯೇ ನನ್ನ ವಾದಕ್ಕೆ ಸಾಕ್ಷ್ಯ. ಐಹೊಳೆ, ಕೂಡಲಸಂಗಮಗಳನ್ನು ಮಡಿಲಲ್ಲಿಟ್ಟುಕೊಂಡ ತಾಲ್ಲೂಕಿನ ಕೇಂದ್ರ ಇದು. ಕೂಡಲಸಂಗಮಕ್ಕೆ ತನ್ನದೇ ಅಭಿವೃದ್ಧಿ ಮಂಡಳಿ ಬಂತು, ಐಹೊಳೆಗೆ ಪುರಾತತ್ವ ಇಲಾಖೆ ಇದೆ. 21 ಸಾವಿರದಷ್ಟು ಜನರ ಪಟ್ಟಣಕ್ಕೆ ಮುಳುಗಡೆಯಿಲ್ಲ, ಗುಹೆಯಿಲ್ಲ, ಸೀರೆಯ ಹೆಸರಿಲ್ಲ. ಇಳಕಲ್ ಪ್ರತ್ಯೇಕ ತಾಲ್ಲೂಕಾದ ಮೇಲೆ ಹುನಗುಂದದ ಕಚೇರಿಗಳ ವ್ಯಾಪ್ತಿಯೂ ಕುಗ್ಗಿತು. ಅದಕ್ಕೆ ಬರುವುದು ತಲೆ ಎಣಿಸಿ ಕೊಡುವ ಹಣ: ರಾಜ್ಯ ಹಣಕಾಸು ಆಯೋಗದ, ಅಂದರೆ ‘ಎಸ್‌ಎಫ್‌ಸಿ’ಯ ಪಾಲು, ಕೇಂದ್ರ ಹಣಕಾಸು ಆಯೋಗದ ಪಾಲು, ರಾಜ್ಯದ ನಗರೋತ್ಥಾನ ಯೋಜನೆಯ ಕಂತು.

ಈ ಪಾಲಿನಲ್ಲೂ ಷರತ್ತಿನ ಗಂಟು ಬಿಗಿಯುತ್ತ ಬಂದಿದೆ. 2021–26ರ ಅವಧಿಯ 15ನೇ ಹಣಕಾಸು ಆಯೋಗ ಇಂಥ ಪಟ್ಟಣಗಳ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೆ ಕಟ್ಟಿಹಾಕಿತು. ಲೆಕ್ಕಪರಿಶೋಧನೆಯ ವಿವರ ಆನ್‌ಲೈನ್‌ನಲ್ಲಿರಬೇಕು, ರಾಜ್ಯ ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಬೇಕು ಎಂದಿತು. 2021ರ ಅಕ್ಟೋಬರಿನ ಅಮೃತ್ 2.0 ಲಕ್ಷದ ಹೊಸ್ತಿಲನ್ನು ತೆಗೆದು ಎಲ್ಲ ಶಾಸನಬದ್ಧ ಪಟ್ಟಣಗಳಿಗೂ ನೀರಿನ ಬಾಗಿಲು ತೆರೆಯಿತು. ಹುನಗುಂದದಂಥ ಊರಿಗೆ ಯಾವ ಗುರುತಿನ ಹಂಗೂ ಇಲ್ಲದೆ ಅರ್ಜಿ ಹಾಕುವ ಅವಕಾಶ ಬಂದದ್ದು ಹೀಗೆ, ನಾಕಾ ಮುಚ್ಚಿದ 42 ವರ್ಷಗಳ ನಂತರ. ಕೊಳವೆ ಬಂದ ಮೇಲೆ ಅದರ ರಿಪೇರಿಯ ಖರ್ಚು ಮಾತ್ರ ಪುರಸಭೆಯದೇ, ಅದನ್ನು ಹೊರುವುದು ಮನೆಕಂದಾಯ ಮತ್ತು ನೀರಿನ ಕರ.