ಗೋಡೆ ಆಚೆ ಏನ್ ಮಾಡ್ತಾರೆ? ಭಾಗ 4: ಕಾರ್ಬನ್ ತಗೊಂಡ ಸಾಲ

(1/4)
ಹಟ್ಟಿಯಿಂದ ಕುದಾಪುರದ ಕಡೆ ಹೋಗಿದ್ದೀರಾ? ಹಾಗಾದ್ರೆ ಆ ಉದ್ದ ಕಾಂಪೌಂಡ್ ನೋಡೇ ಇರ್ತೀರಾ. ನಮ್ಮ ತಾತ ಕುರಿ ಮೇಯಿಸ್ತಿದ್ದ ಅಮೃತಮಹಲ್ ಕಾವಲಿನಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ, ಸುಮಾರು 1,500 ಎಕರೆ. ತಾತನ ಪ್ರಶ್ನೆ ಒಂದೇ: "ಜಾಗ ಹೋಯ್ತು ಬಿಡು, ಅವ್ರು ಏನ್ ಕೆಲಸ ಮಾಡೋರು, ಅದನ್ನಾದ್ರೂ ಹೇಳು." ನಾನು ಬಿಕಾಂ. ಆದ್ರೂ ಓದಿ ತಿಳ್ಕೊಂಡೆ, ಯಾಕಂದ್ರೆ ಆ ಪ್ರಶ್ನೆ ಕೇಳೋ ಹಕ್ಕು ತಾತನಿಗೆ ಇದ್ದೇ ಇದೆ.

ಮೊದಲೇ ಹೇಳ್ಬಿಡ್ತೀನಿ, ಇವತ್ತಿನ ಕಥೆಯ ಯಂತ್ರ ಕುದಾಪುರದಲ್ಲಿಲ್ಲ, ಬೆಂಗಳೂರಿನ ಹಳೇ ಕ್ಯಾಂಪಸ್‌ನಲ್ಲಿದೆ. ಹೆಸರು ಎನ್‌ಎಂಆರ್. ಆಸ್ಪತ್ರೆಯ ಎಂಆರ್‌ಐ ಸ್ಕ್ಯಾನ್ ಇದರದ್ದೇ ವಂಶ.

(2/4)
ಪರಮಾಣುವಿನ ನ್ಯೂಕ್ಲಿಯಸ್ ಪುಟ್ಟ ಅಯಸ್ಕಾಂತದ ಥರ ಅಂದ್ಕೊಳ್ಳಿ. ದೊಡ್ಡ ಅಯಸ್ಕಾಂತದೊಳಗೆ ಇಟ್ರೆ ಕೆಲವು ಅದರ ದಿಕ್ಕಿಗೆ, ಕೆಲವು ಎದುರು ದಿಕ್ಕಿಗೆ ನಿಲ್ತವೆ. ಎರಡೂ ಗುಂಪು ಹೆಚ್ಚುಕಮ್ಮಿ ಸಮ. ಲಕ್ಷಕ್ಕೆ ಕೆಲವೇ ಕೆಲವು ಒಂದು ಕಡೆ ಜಾಸ್ತಿ. ಆ ಚೂರು ಹೆಚ್ಚಳಕ್ಕೇ ಪೋಲರೈಸೇಷನ್ ಅನ್ನೋದು. ನಮ್ಮ ಭಾಷೇಲಿ ಹೇಳ್ಬೇಕಂದ್ರೆ ಕೋಟಿ ವ್ಯವಹಾರದಲ್ಲಿ ನೂರಿನ್ನೂರು ರೂಪಾಯಿ ಲಾಭ. ಸಿಗ್ನಲ್ ಬರೋದು ಆ ಲಾಭದಿಂದ ಮಾತ್ರ.

ಇದನ್ನ ಬೆಂಗಳೂರಲ್ಲಿ ತುಂಬಾ ಮೊದಲೇ ಮುಟ್ಟಿದವರು ಜಿ. ಸೂರ್ಯನ್. 1951ರಲ್ಲಿ ವಿಜ್ಞಾನ ಸಂಸ್ಥೆಯಿಂದ ಹರಿಯೋ ದ್ರವಗಳ ಎನ್‌ಎಂಆರ್ ಬಗ್ಗೆ ಬರೆದ್ರು. ನಿಂತ ದ್ರವದಲ್ಲಿ ರೇಡಿಯೋ ಅಲೆ ಆ ಲಾಭವನ್ನ ತಿಂದುಹಾಕುತ್ತೆ, ಸಿಗ್ನಲ್ ಕುಗ್ಗುತ್ತೆ. ಹರಿಯೋಕೆ ಬಿಟ್ರೆ ಹಿಂದಿನಿಂದ ಹೊಸ ಬಂಡವಾಳ ಬರ್ತಾ ಇರುತ್ತೆ, ಸಿಗ್ನಲ್ ಏರುತ್ತೆ. ಎನ್‌ಎಂಆರ್‌ನಿಂದ ರಕ್ತದ ಹರಿವು ಅಳೆಯೋ ವಿಧಾನಗಳ ಇತಿಹಾಸ ಬರೆಯೋರು ಇವತ್ತೂ ಇಲ್ಲಿಂದ ಶುರು ಮಾಡ್ತಾರೆ. ನಮ್ಮ ಯಾವ ಪಠ್ಯದಲ್ಲೂ ಈ ಹೆಸರು ನಾನು ಓದಿಲ್ಲ. ನೀವು?

(3/4)
ಈಗ ಘನವಸ್ತು. ಪ್ಲಾಸ್ಟಿಕ್, ಮರ, ಮಾತ್ರೆ, ಇವುಗಳಲ್ಲಿ ಕಾರ್ಬನ್ ಹೇಗೆ ಕೂತಿದೆ ಅಂತ ನೋಡ್ಬೇಕು. ತೊಂದರೆ ಏನಂದ್ರೆ, ಸಾಮಾನ್ಯ ಕಾರ್ಬನ್-12 ಎನ್‌ಎಂಆರ್‌ಗೆ ಕಾಣಲ್ಲ. ಕಾಣೋದು ಕಾರ್ಬನ್-13, ಅದು ಇರೋದು 100ಕ್ಕೆ 1.1. ಜೊತೆಗೆ ಅದರ ಪೋಲರೈಸೇಷನ್ ಹೈಡ್ರೋಜನ್‌ನ ಕಾಲು ಭಾಗ. ಒಂದ್ಸಲ ಖರ್ಚಾದ್ರೆ ಮತ್ತೆ ತುಂಬೋಕೆ ಎಷ್ಟೋ ಸಲ ನಿಮಿಷಗಟ್ಟಲೆ ಬೇಕು. ಬಡವ, ಮೇಲೆ ನಿಧಾನ.

ಪಕ್ಕದಲ್ಲೇ ಹೈಡ್ರೋಜನ್ ರಾಶಿ ರಾಶಿ ಇದೆ. ಅದರಿಂದ ಯಾಕೆ ತಗೋಬಾರದು? ಆಗಲ್ಲ, ಏಕೆಂದ್ರೆ ಹೈಡ್ರೋಜನ್ ತಿರುಗೋದು ನಾಲ್ಕು ಪಟ್ಟು ವೇಗದಲ್ಲಿ. ಎರಡು ಬೇರೆ ಕರೆನ್ಸಿ, ಮಧ್ಯೆ ವಿನಿಮಯ ಇಲ್ಲ.

1962ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಸ್ವೆನ್ ಹಾರ್ಟ್‌ಮನ್ ಮತ್ತು ಅವರ ಗುರು ಎರ್ವಿನ್ ಹಾನ್ ದಾರಿ ತೋರಿಸಿದ್ರು. ಎರಡಕ್ಕೂ ಒಟ್ಟಿಗೆ ಬೇರೆ ಬೇರೆ ರೇಡಿಯೋ ಅಲೆ ಕೊಡಿ. ಕಾರ್ಬನ್ ಕಡೆಯ ಅಲೆಯ ಅಯಸ್ಕಾಂತ ಬಲ ನಾಲ್ಕು ಪಟ್ಟು ಇರಲಿ. ಆಗ ಆ ಅಲೆಗಳ ಸುತ್ತ ಎರಡೂ ಒಂದೇ ವೇಗದಲ್ಲಿ ತಿರುಗ್ತವೆ, ಪೋಲರೈಸೇಷನ್ ದಾಟಿಬಿಡುತ್ತೆ. ಆದ್ರೆ ಅವರು ನೋಡಿದ್ದು ಶ್ರೀಮಂತನ ಜೇಬಲ್ಲಿ ಎಷ್ಟು ಕಮ್ಮಿ ಆಯ್ತು ಅಂತ! ಬಡವನ ಜೇಬನ್ನೇ ನೇರವಾಗಿ ನೋಡೋಣ ಅಂತ ಎಂಐಟಿಯ ಪೈನ್ಸ್, ಗಿಬ್ಬಿ ಮತ್ತು ವಾ ತೋರಿಸಿದ್ದು 1972-73ರಲ್ಲಿ. ಹತ್ತು ವರ್ಷ ಬೇಕಾಯ್ತು.

ಲಾಭ ನಾಲ್ಕು ಪಟ್ಟು ತನಕ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಟರ್ನೋವರ್. ಹೈಡ್ರೋಜನ್ ಸಾಮಾನ್ಯವಾಗಿ ಬೇಗ ತುಂಬ್ಕೊಳ್ಳುತ್ತೆ, ಹಾಗಾಗಿ ನಿಮಿಷಗಟ್ಟಲೆ ಕಾಯದೆ ಮತ್ತೆ ಮತ್ತೆ ಪ್ರಯೋಗ ಮಾಡ್ಬಹುದು. ಅಕೌಂಟ್ಸ್ ಓದೋರಿಗೆ ಇದು ಬೇಗ ಅರ್ಥ ಆಗುತ್ತೆ, ಸುಮ್ನೆ ಹೆಮ್ಮೆ ಪಡಿ. 1976ರಲ್ಲಿ ಶೇಫರ್ ಮತ್ತು ಸ್ಟೆಸ್ಕಲ್ ಇದಕ್ಕೆ ಇನ್ನೊಂದು ಸೇರಿಸಿದ್ರು: ಸ್ಯಾಂಪಲ್ಲನ್ನ 54.7 ಡಿಗ್ರಿ ಓರೆಯಲ್ಲಿ ಗಿರ್ರನೆ ತಿರುಗಿಸೋದು. ಪ್ಲಾಸ್ಟಿಕ್‌ನ ಮಸುಕು ಗೆರೆಗಳು ಚೂಪಾಗಿ ಬಂದ್ವು.

(4/4)
ಮತ್ತೆ ಬೆಂಗಳೂರು. ದ್ರಾವಣದಲ್ಲೂ ಒಂದು ನ್ಯೂಕ್ಲಿಯಸ್‌ನಿಂದ ಇನ್ನೊಂದಕ್ಕೆ ಪೋಲರೈಸೇಷನ್ ದಾಟುತ್ತೆ, ದಾರಿ ಬೇರೆ. ಅದರಿಂದ ಪ್ರೋಟೀನ್‌ನಲ್ಲಿ ಯಾವ ಹೈಡ್ರೋಜನ್ ಯಾವುದರ ಪಕ್ಕ ಇದೆ ಅಂತ ಪಟ್ಟಿ ಮಾಡೋ ವಿಧಾನದ 1980ರ ಪ್ರಬಂಧದಲ್ಲಿ ಮೊದಲ ಹೆಸರು ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್. ಜೊತೆಗಿದ್ದ ಅರ್ನ್ಸ್ಟ್‌ಗೆ 1991ರಲ್ಲಿ, ವುಥ್ರಿಕ್‌ಗೆ 2002ರಲ್ಲಿ ನೊಬೆಲ್ ಬಂತು. ಹಾರ್ಟ್‌ಮನ್-ಹಾನ್ ದಾರಿಯನ್ನೇ ಹಿಡಿದು ದ್ರವಹರಳುಗಳ ಮೇಲೆ ಕೆಲಸ ಮಾಡಿದವರು ಅದೇ ಸಂಸ್ಥೆಯ ಕೆ.ವಿ. ರಾಮನಾಥನ್.

ಕುದಾಪುರದಲ್ಲಿ ನಡೆಯೋದು ಮುಖ್ಯವಾಗಿ ಶಾಲಾ-ಕಾಲೇಜು ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ. ಅಲ್ಲಿ ಕಲಿತು ಬಂದ ಮೇಷ್ಟ್ರು ನಿಮಗಿದ್ರೆ ಈ ಕಥೆ ಕೇಳಿ ನೋಡಿ.

ತಾತನಿಗೆ ಇಷ್ಟನ್ನೂ ಹೇಳಿದೆ. ಕೇಳಿದ್ದು ಒಂದೇ: "ಕಾರ್ಬನ್ ಸಾಲ ತೀರಿಸ್ತದಾ?" ಇಲ್ಲ ತಾತ, ಹೈಡ್ರೋಜನ್ ತಾನೇ ಮತ್ತೆ ತುಂಬ್ಕೊಳ್ಳುತ್ತೆ ಅಂದೆ. "ಹಂಗಾದ್ರೆ ಸಾಲ ಅಂತ ಯಾಕ್ ಬರೀತೀಯ, ದಾಸೋಹ ಅನ್ನು." ಟೈಟಲ್ ಆಗ್ಲೇ ಹಾಕ್ಬಿಟ್ಟಿದ್ದೆ, ಹಾಗೇ ಬಿಟ್ಟೆ.

ಮುಂದಿನ ಭಾಗ ಕಾವಲಿನದು. ನಿಮ್ಮ ಮನೇಲಿ ಅಲ್ಲಿ ದನ-ಕುರಿ ಮೇಯಿಸಿದ ಹಳೇ ಫೋಟೋ ಇದ್ರೆ ಡಿಎಂ ಮಾಡಿ.

#ನಾಯಕನಹಟ್ಟಿ #ಕುದಾಪುರ #ಗೋಡೆಆಚೆ