ಮೀನಿನ ಬೋಟಿಗೆ ಎರಡು ಬ್ಯಾಟರಿ ಯಾಕೆ?

ಇವತ್ತಿನ ಮಾತು ಬ್ಯಾಟರಿ ಬಗ್ಗೆ. ನಿಮ್ಮ ಕೈಲಿರೋ ಮೊಬೈಲಿನದ್ದಲ್ಲ, ಸಮುದ್ರಕ್ಕೆ ಹೋಗೋ ಮೀನಿನ ಬೋಟಿನದ್ದು.

ಚಿಕ್ಕೇರೂರಿನವನಿಗೆ ಸಮುದ್ರದ ಉಸಾಬರಿ ಯಾಕೆ ಅಂತ ಕೇಳಬಹುದು. ಕೇಳಬೇಕಾದ್ದೇ. ನಮ್ಮೂರಿಂದ ಆನವಟ್ಟಿ, ಬನವಾಸಿ, ಶಿರಸಿ ದಾಟಿ ಘಟ್ಟ ಇಳಿದ ಮೇಲೇನೇ ಕುಮಟಾದ ಕಡಲು ಕಾಣೋದು. ನಮ್ಮ ಕಡೆ ಕೆರೆ ಮೀನಿಗೆ ಒಂದು ತೆಪ್ಪ, ಒಂದು ಬಲೆ ಇದ್ರೆ ಸಾಕು. ಬ್ಯಾಟರಿ ಅಂದ್ರೆ ನಮಗೆ ಟ್ರ್ಯಾಕ್ಟರಿನಲ್ಲಿ ಕೂತಿರೋ ಭಾರದ ಡಬ್ಬಿ. ಕೀಲಿ ತಿರುಗಿಸಿದಾಗ ಎಂಜಿನ್ ಚಾಲೂ ಆಗಬೇಕು, ಅಷ್ಟೇ ಅದರ ಕೆಲಸ. ಆಗಲಿಲ್ವಾ? ನಾಲ್ಕು ಜನ ಸೇರಿ ತಳ್ಳಿದ್ರಾಯ್ತು, ಇಲ್ಲಾ ಇಳಿಜಾರಿಗೆ ಬಿಟ್ರಾಯ್ತು. ಸಮುದ್ರದಲ್ಲಿ ಇಳಿಜಾರೂ ಇಲ್ಲ, ತಳ್ಳೋರೂ ಇಲ್ಲ. ಬೋಟಿನ ಬ್ಯಾಟರಿಯ ಚರಿತ್ರೆ ನನಗೆ ಹಿಡಿಸಿದ್ದು ಈ ಒಂದು ವ್ಯತ್ಯಾಸಕ್ಕೆ.

ಒಂದು ತಮಾಷೆ ಏನಂದ್ರೆ, ಬ್ಯಾಟರಿ ಕಾರಿಗೆ ಹತ್ತೋಕೆ ಎಷ್ಟೋ ಮುಂಚೆ ದೋಣಿಗೆ ಹತ್ತಿತ್ತು. 1838ರಲ್ಲಿ ಮೊರಿಟ್ಜ್ ಯಾಕೋಬಿ ಅನ್ನೋ ವಿಜ್ಞಾನಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ನೇವಾ ನದಿಯ ಮೇಲೆ ವಿದ್ಯುತ್ ಮೋಟಾರಿನ ದೋಣಿ ಓಡಿಸಿ ತೋರಿಸಿದ. ಒಂದು ಡಜನ್‌ಗೂ ಹೆಚ್ಚು ಜನ ಅದರಲ್ಲಿ ಕೂತಿದ್ರು. ವೇಗ ಮಾತ್ರ ನಾವು ಸಂತೆಗೆ ನಡೆದು ಹೋಗೋ ವೇಗ. ಆ ಬ್ಯಾಟರಿಯನ್ನ ಮತ್ತೆ ಚಾರ್ಜ್ ಮಾಡೋ ಹಾಗಿರಲಿಲ್ಲ. ಒಳಗಿನ ಸತು ಕರಗಿದ್ರೆ ಕಥೆ ಮುಗೀತು.

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಮತ್ತೆ ಮತ್ತೆ ಚಾರ್ಜ್ ಆಗೋ ಬ್ಯಾಟರಿ ಹುಟ್ಟಿದ್ದು ಹೀಗೆ. ಟ್ರ್ಯಾಕ್ಟರಿನಲ್ಲಿ, ಮನೆಯ ಇನ್ವರ್ಟರಿನಲ್ಲಿ, ಮಲ್ಪೆಯ ಬೋಟಿನಲ್ಲಿ ಇವತ್ತಿಗೂ ಇರೋದು ಬಹುಪಾಲು ಅದರ ಮಕ್ಕಳು ಮೊಮ್ಮಕ್ಕಳೇ.

ಈ ವಂಶ ಎರಡು ಕವಲಾಯ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುವಿ ಕೈ ಮುರ್ಕೊಳ್ಳೋ ಕಾಲ ಹೋಯ್ತು. ಎಂಜಿನ್ ಎಬ್ಬಿಸೋಕೆ ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಬೇಕು, ಆಮೇಲೆ ಏನೂ ಬೇಡ. ಹಾಗಾಗಿ ಈ ಬ್ಯಾಟರಿಯಲ್ಲಿ ತೆಳ್ಳನೆ ತಗಡು ಬಹಳ ಇರುತ್ತವೆ. ಇನ್ನೊಂದು ಕವಲು ದಪ್ಪ ತಗಡಿನದ್ದು. ಅಂಗಡಿಯಲ್ಲಿ ಟ್ಯೂಬುಲರ್ ಅಂತ ಕೇಳಿದ್ರೆ ಕೊಡೋದು ಆ ಜಾತಿ. ಒಮ್ಮೆಲೇ ಜೋರಾಗಿ ಕೊಡಲ್ಲ, ಆದ್ರೆ ಗಂಟೆಗಟ್ಟಲೆ ನಿಧಾನಕ್ಕೆ ಕೊಡುತ್ತೆ. ತೆಳು ತಗಡಿನ ಬ್ಯಾಟರಿಯಲ್ಲಿ ರಾತ್ರಿಯಿಡೀ ದೀಪ ಉರಿಸಿ ಪೂರ್ತಿ ಖಾಲಿ ಮಾಡ್ತಾ ಹೋದ್ರೆ ಕೆಲವೇ ತಿಂಗಳಲ್ಲಿ ಕೈ ಕೊಡುತ್ತೆ.

ಈಗ ನಮ್ಮ ಕರಾವಳಿಗೆ ಬರೋಣ. ರಂಪಣಿ ಬಲೆಯ ಕಾಲದಲ್ಲಿ ಹತ್ತಾರು ಜನ ದಡದಲ್ಲಿ ನಿಂತು ಹಗ್ಗ ಎಳೀತಿದ್ರು. ಅಲ್ಲಿ ಬ್ಯಾಟರಿಗೆ ಕೆಲಸವೇ ಇರಲಿಲ್ಲ. 1950ರ ದಶಕದ ಕೊನೆಯಿಂದ ಯಾಂತ್ರಿಕ ದೋಣಿ ಬಂದವು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆ ಬಂತು, ರಂಪಣಿ ಹಿಂದೆ ಸರೀತು. ಆಮೇಲೆ ಟ್ರಾಲ್ ಬೋಟುಗಳು ಬೆಳಿಗ್ಗೆ ಹೋಗಿ ಸಂಜೆ ಬರೋದು ಬಿಟ್ಟು, ವಾರಗಟ್ಟಲೆ ಹೊರಗೇ ಉಳಿಯೋಕೆ ಶುರು ಮಾಡಿದ್ವು.

ಇಲ್ಲಿ ಬ್ಯಾಟರಿಯ ಕೆಲಸವೇ ಬದಲಾಯ್ತು. ಎಂಜಿನ್ ಎಬ್ಬಿಸೋದು ಇದ್ದೇ ಇತ್ತು. ಅದರ ಮೇಲೆ ರಾತ್ರಿಯ ದೀಪ, ಮೀನು ಹುಡುಕೋ ಎಕೋ ಸೌಂಡರ್, ವಿಎಚ್‌ಎಫ್ ವೈರ್‌ಲೆಸ್, ಜಿಪಿಎಸ್ ಸೇರಿದ್ವು. ಜಿಪಿಎಸ್ ಸಂಕೇತವನ್ನ ಬೇಕಂತಲೇ ಮಸುಕು ಮಾಡೋದನ್ನ ಅಮೆರಿಕ ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಂದ ಅದರ ಲೆಕ್ಕ ಇನ್ನಷ್ಟು ನಿಖರ ಆಯ್ತು. ತಾಂಡೇಲ ನಕ್ಷತ್ರ, ನೀರಿನ ಬಣ್ಣ, ದಡದ ಗುಡ್ಡ ನೋಡಿ ಹೇಳ್ತಿದ್ದುದನ್ನ ಒಂದು ಪರದೆ ಹೇಳೋಕೆ ಶುರು ಮಾಡ್ತು. ಆ ಪರದೆ ಬದುಕೋದು 12 ವೋಲ್ಟಿನ ಮೇಲೆ.

2018ರ ಡಿಸೆಂಬರ್ 13ರ ರಾತ್ರಿ ಮಲ್ಪೆಯಿಂದ ‘ಸುವರ್ಣ ತ್ರಿಭುಜ’ ಅನ್ನೋ ಬೋಟು ಹೊರಟಿತು. ಒಳಗೆ ಏಳು ಮೀನುಗಾರರು. ಎರಡು ದಿನದಲ್ಲಿ ಸಂಪರ್ಕ ಕಡಿದುಹೋಯ್ತು. ಮನೆಯವರು ನಾಲ್ಕೂವರೆ ತಿಂಗಳು ಕಾದ್ರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಮಹಾರಾಷ್ಟ್ರದ ಮಾಲ್ವಣ್ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಅವಶೇಷ ಪತ್ತೆ ಮಾಡ್ತು. ಇದು ಬ್ಯಾಟರಿಯಿಂದ ಆಯ್ತು ಅಂತ ನಾನು ಖಂಡಿತ ಹೇಳ್ತಿಲ್ಲ. ನನ್ನನ್ನ ಕಾಡೋದು ಆ ನಾಲ್ಕೂವರೆ ತಿಂಗಳ ಮೌನ. ಕಡಲಲ್ಲಿ ‘ನಾವು ಇಲ್ಲಿದ್ದೀವಿ’ ಅನ್ನೋ ಒಂದು ಮಾತಿಗೆ ಎಷ್ಟು ಬೆಲೆ ಅಂತ ಗೊತ್ತಾಗೋದು ಅದು ಬರದೇ ಇದ್ದಾಗ.

ಅದಕ್ಕೇ ಎರಡು ಬ್ಯಾಟರಿ. ಎಂಜಿನ್ನಿಗೆ ಒಂದು, ಉಳಿದದ್ದಕ್ಕೆಲ್ಲ ಇನ್ನೊಂದು, ನಡುವೆ ಒಂದು ಸ್ವಿಚ್. ದೀಪ ಉರಿದು ಒಂದು ಖಾಲಿಯಾದ್ರೂ ಎಂಜಿನ್ ಏಳುತ್ತೆ. ಎಂಜಿನ್ ಕೈ ಕೊಟ್ರೂ ವೈರ್‌ಲೆಸ್ಸಿನ 16ನೇ ಚಾನೆಲ್‌ನಲ್ಲಿ ಕೂಗಬಹುದು. ದುಡ್ಡು ಉಳಿಸ್ತೀನಿ ಅಂತ ಎರಡನ್ನೂ ಒಂದರಲ್ಲೇ ಮುಗಿಸೋದು ನನ್ನ ಪ್ರಕಾರ ಉಳಿತಾಯ ಅಲ್ಲ, ಜೂಜು.

ಎಷ್ಟು ದೊಡ್ಡದು ತಗೋಬೇಕು? ಲೆಕ್ಕ ಸುಲಭ. ದೀಪ, ಜಿಪಿಎಸ್, ಎಕೋ ಸೌಂಡರ್, ವೈರ್‌ಲೆಸ್ ಎಲ್ಲಾ ಸೇರಿ 8 ಆಂಪಿಯರ್ ಎಳೀತವೆ ಅಂದ್ಕೊಳ್ಳಿ. 100 ಎಎಚ್ ಅಂತ ಬರೆದಿರೋ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದು; ಬಳಸಿದಷ್ಟೂ ಆಯಸ್ಸು ಕಡಿಮೆ. ಅಂದ್ರೆ ಕೈಗೆ ಸಿಗೋದು 50. ಎಂಜಿನ್ ನಿಲ್ಲಿಸಿದ ಮೇಲೆ ಆರು ಗಂಟೆ ಚಿಲ್ಲರೆ. ಒಂದು ರಾತ್ರಿಗೂ ಸಾಲಲ್ಲ!

ಇನ್ನೊಂದು ವಿಷಯ. ದೊಡ್ಡ ಎಂಜಿನ್ನಿಗೆ 24 ವೋಲ್ಟ್ ಬೇಕು ಅಂತ ಎರಡು 12ರ ಬ್ಯಾಟರಿ ಜೋಡಿಸ್ತಾರೆ. ವೈರ್‌ಲೆಸ್ಸಿಗೆ ಸಾಕಾಗೋದು 12. ಆಗ ಎರಡರಲ್ಲಿ ಒಂದರಿಂದ ಮಾತ್ರ ತಂತಿ ಎಳೆದುಬಿಟ್ರೆ ಆ ಒಂದು ಸದಾ ಹಸಿದಿರುತ್ತೆ, ಅದರ ಜೋಡಿ ಸದಾ ಹೊಟ್ಟೆ ಬಿರಿಯ ತಿಂದಿರುತ್ತೆ. ಕೊನೆಗೆ ಎರಡೂ ಹಾಳು. ಜೋಡೆತ್ತಿನಲ್ಲಿ ಒಂದಕ್ಕೆ ಮಾತ್ರ ಮೇವು ಹಾಕಿದ ಹಾಗೆ.

ಬ್ಯಾಟರಿ ಎಲ್ಲಿ ಇಡ್ತೀರಿ ಅನ್ನೋದಕ್ಕೂ ಒಂದು ಚರಿತ್ರೆ ಇದೆ, ಅದು ಭಯಂಕರ. ಮೊದಲ ಮಹಾಯುದ್ಧದ ಜಲಾಂತರ್ಗಾಮಿಗಳು ನೀರೊಳಗೆ ಓಡ್ತಿದ್ದದ್ದು ಸೀಸದ ಬ್ಯಾಟರಿಯಿಂದಲೇ. ಉಪ್ಪುನೀರು ಬ್ಯಾಟರಿಗೆ ನುಗ್ಗಿದ್ರೆ ಕ್ಲೋರಿನ್ ಅನಿಲ ಬರುತ್ತೆ. ಯುದ್ಧಭೂಮಿಯಲ್ಲಿ ವಿಷಾನಿಲ ಅಂತ ಬಿಟ್ಟಿದ್ದೂ ಅದನ್ನೇ. ಹಾಗಾಗಿ ಬೋಟಿನ ತಳದಲ್ಲಿ ನೀರು ನಿಲ್ಲೋ ಜಾಗದಿಂದ ಮೇಲೆ, ಅಲುಗದ ಹಾಗೆ ಕಟ್ಟಿ, ಗಾಳಿ ಆಡೋ ಪೆಟ್ಟಿಗೆಯಲ್ಲಿ ಇಡಬೇಕು. ಗಾಳಿ ಯಾಕಂದ್ರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ. ಅದು ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದ್ರೆ ಒಂದು ಬೀಡಿ ಕಿಡಿಗೇ ಹೊತ್ತಿಕೊಳ್ಳುತ್ತೆ.

ನೀರು ಕಡಿಮೆಯಾದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಆಸಿಡ್ ಬೇಡ, ಬಾವಿ ನೀರಂತೂ ಬೇಡವೇ ಬೇಡ. ಟರ್ಮಿನಲ್ ಮೇಲೆ ಬಿಳಿ ಹಸಿರು ಬೂದಿ ಕಟ್ಟಿದ್ರೆ ತೊಳೆದು, ಒರೆಸಿ, ಗ್ರೀಸ್ ಹಚ್ಚಬೇಕು. ಉಪ್ಪುಗಾಳಿಗೆ ಅದು ಬೇಗ ಬರುತ್ತೆ.

ಆದ್ರೆ ಬೋಟಿನ ಬ್ಯಾಟರಿಗೆ ಕಡಲಿಗಿಂತ ದೊಡ್ಡ ಗಂಡಾಂತರ ದಡದಲ್ಲೇ ಇದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕೋ ಕಾಲ, ಒಳ್ಳೇದೇ. ಆ 61 ದಿನ ಬ್ಯಾಟರಿಯನ್ನ ಬೋಟಿನಲ್ಲೇ ಬಿಟ್ರೆ ತಾನಾಗೇ ಇಳೀತಾ ಹೋಗುತ್ತೆ, ತಗಡಿನ ಮೇಲೆ ಸಲ್ಫೇಟ್ ಗಟ್ಟಿ ಪದರ ಕೂರುತ್ತೆ. ಆಗಸ್ಟಿನಲ್ಲಿ ಚಾರ್ಜ್ ಹಾಕಿದ್ರೂ ಅದು ಪೂರ್ತಿ ಕರಗಲ್ಲ. ಬಿಚ್ಚಿ, ಪೂರ್ತಿ ಚಾರ್ಜ್ ಮಾಡಿ, ಒಣ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಬೇಕು. 12.6 ದಾಟಿದ್ರೆ ತುಂಬಿದೆ. 12.2ಕ್ಕೆ ಬಂದಿದ್ರೆ ಅರ್ಧ ಖಾಲಿ, ಕೂಡಲೇ ಚಾರ್ಜಿಗೆ ಹಾಕಿ. ಇದೇ ಮಾತು ಸುಗ್ಗಿ ಮುಗಿದ ಮೇಲೆ ನಿಲ್ಲಿಸಿಟ್ಟ ನಮ್ಮ ಟ್ರ್ಯಾಕ್ಟರಿಗೂ ಹೊಂದುತ್ತೆ.

ಲಿಥಿಯಂ ಯಾಕಾಗಬಾರದು ಅಂತ ನಿಮ್ಮಲ್ಲಿ ಯಾರಾದ್ರೂ ಕೇಳೇ ಕೇಳ್ತೀರಿ. ದೋಣಿಗೆ ಹೊಂದೋದು ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಅದರ ಬಗ್ಗೆ ಬಂದ ಪ್ರಸಿದ್ಧ ಪ್ರಬಂಧದಲ್ಲಿ ಮುಂದೆ ನೊಬೆಲ್ ಪಡೆದ ಜಾನ್ ಗುಡೆನಫ್ ಜೊತೆಗೆ ಪಾಢಿ, ನಂಜುಂಡಸ್ವಾಮಿ ಅನ್ನೋ ಹೆಸರುಗಳೂ ಇವೆ. ಎರಡನೇ ಹೆಸರು ಕೇಳಿದ್ರೆ ನಮಗೆ ಕಿವಿ ನಿಮಿರೋದು ಸಹಜ! ಹಗುರ, ಬಾಳಿಕೆ ಜಾಸ್ತಿ, ನೂರಕ್ಕೆ ಎಂಬತ್ತು ಪಾಲು ಬಳಸಬಹುದು. ಬೆಲೆ ಮಾತ್ರ ಹೆಚ್ಚು. ಹಳೇ ಎಂಜಿನ್ನಿನ ಆಲ್ಟರ್ನೇಟರಿಗೆ ನೇರ ಜೋಡಿಸಿದ್ರೆ ಆಲ್ಟರ್ನೇಟರೇ ಕಾದು ಸುಡಬಹುದು. ನಡುವೆ ಸರಿಯಾದ ಚಾರ್ಜರ್ ಬೇಕು. ಸಣ್ಣ ನಾಡದೋಣಿಯ ದೀಪಕ್ಕೆ, ಸೋಲಾರ್ ಜೊತೆ, ನಾನು ಧೈರ್ಯವಾಗಿ ಹೇಳ್ತೀನಿ, ತಗೊಳ್ಳಿ. ದೊಡ್ಡ ಎಂಜಿನ್ ಎಬ್ಬಿಸೋಕೆ ಸೀಸವೇ ಇರಲಿ.

2024ರ ಆಗಸ್ಟ್ 30ರಂದು, ಮೀನಿನ ಬೋಟುಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸೋ ಟ್ರಾನ್ಸ್‌ಪಾಂಡರ್ ಅಳವಡಿಸೋ ಯೋಜನೆಗೆ ಚಾಲನೆ ಸಿಕ್ತು. ದೇಶದಲ್ಲಿ ಒಂದು ಲಕ್ಷ ಬೋಟಿಗೆ ಕೂರಿಸೋ ಗುರಿ. ವಿಎಚ್‌ಎಫ್ ಮಾತು ಸಾಮಾನ್ಯವಾಗಿ ಕೆಲವು ಹತ್ತು ಕಿಲೋಮೀಟರ್ ಆಚೆ ಮುಟ್ಟಲ್ಲ. ಇದಕ್ಕೆ ಆ ಮಿತಿ ಇಲ್ಲ. ಬೋಟು ದಡ ಬಿಡೋ ಮುಂಚೆ ಐಸು, ಡೀಸೆಲ್, ಅಕ್ಕಿ, ನೀರು ಎಣಿಸ್ತಾರಲ್ಲ, ಆ ಪಟ್ಟಿಗೆ ಎರಡನೇ ಬ್ಯಾಟರಿಯ ವೋಲ್ಟೇಜೂ ಸೇರಬೇಕು.