ಒಡೆಯನನ್ನಗಲಿದ ಕಲ್ಲಿನ ಕಾವಲುಗಾರರು

ಕೊರಿಯಾ ದೇಶದ ಗುಡ್ಡಗಳ ಇಳಿಜಾರಿನಲ್ಲಿ, ಹುಲ್ಲು ಹೊದ್ದ ದುಂಡನೆಯ ಮಣ್ಣುದಿಬ್ಬಗಳನ್ನು ನೀವು ಕಂಡರೆ ಅವು ಸಮಾಧಿಗಳೆಂದು ತಿಳಿಯಿರಿ. ದಿಬ್ಬದ ಮುಂದೆ ಹಿರಿಯರಿಗೆ ಎಡೆಯಿಡುವ ಕಲ್ಲುಹಾಸು. ಅದರಿಂದೀಚೆಗೆ ಎಡಬಲಗಳಲ್ಲಿ, ಒಬ್ಬರನ್ನೊಬ್ಬರು ನೋಡುತ್ತ ನಿಂತ ಇಬ್ಬರು ಕಲ್ಲಿನ ಮನುಷ್ಯರು. ಅಲ್ಲಿ ಮಲಗಿರುವವನು ಹಿಂದಿನ ಕಾಲದ ಒಬ್ಬ ರಾಜಾಧಿಕಾರಿ. ಇವರು ಅವನ ಕಾವಲುಗಾರರು.

ಕಾವಲುಗಾರರೆಂದ ಮೇಲೆ ಕೈಯಲ್ಲಿ ಕತ್ತಿ ಇರಬೇಕಲ್ಲವೆ? ಇವರಲ್ಲಿ ಅದಿಲ್ಲ. ಮೈತುಂಬ ಆಸ್ಥಾನದ ನಿಲುವಂಗಿ, ತಲೆಗೆ ಟೊಪ್ಪಿಗೆ, ಎದೆಯ ಬಳಿ ಎರಡೂ ಕೈಗಳಿಂದ ಹಿಡಿದ ಕಿರಿದಾದ ಒಂದು ಹಲಗೆ. ಅರಸನೆದುರು ನಿಲ್ಲುವ ಅಧಿಕಾರಿ ಹಿಡಿಯುತ್ತಿದ್ದುದು ಅದನ್ನೇ. ಮೇಲಿನ ದರ್ಜೆಯವರಿಗೆ ದಂತದ್ದು, ಕೆಳಗಿನವರಿಗೆ ಮರದ್ದು. ಈ ಶಿಲೆಗಳಿಗೆ ‘ಮುನಿನ್‌ಸೊಕ್’ ಎಂದು ಹೆಸರು. ಆಡಳಿತದ ಅಧಿಕಾರಿಯ ಶಿಲೆ ಎಂದರ್ಥ. 1392ರಿಂದ 1910ರವರೆಗೆ ಆಳಿದ ಜೋಸನ್ ಮನೆತನ ಕನ್‌ಫ್ಯೂಷಿಯಸನ ಬೋಧನೆಯನ್ನು ರಾಜ್ಯದ ತಳಹದಿಯಾಗಿ ಮಾಡಿಕೊಂಡಿತ್ತು. ಆ ನಾಡಿನಲ್ಲಿ ಕತ್ತಿಗಿಂತ ವಿದ್ಯೆಗೆ ಮನ್ನಣೆ ಹೆಚ್ಚು. ಕತ್ತಿ ಹಿಡಿದ ಯೋಧರ ಶಿಲೆಗಳು ಸಾಮಾನ್ಯವಾಗಿ ರಾಜಸಮಾಧಿಗಳಿಗೇ ಮೀಸಲು.

ಸತ್ತ ಮೇಲೂ ದರ್ಜೆ ತಪ್ಪಲಿಲ್ಲ. 1485ರಲ್ಲಿ ಪೂರ್ಣಗೊಂಡ ‘ಕ್ಯೊಂಗುಕ್ ತೆಜೊನ್’ ಎಂಬ ಕಾನೂನು ಸಂಹಿತೆ, ಸಮಾಧಿಯ ಸುತ್ತಣ ನೆಲದ ಎಲ್ಲೆಯನ್ನು ಹುದ್ದೆಗೆ ತಕ್ಕಂತೆ ಹೆಜ್ಜೆಗಳ ಲೆಕ್ಕದಲ್ಲಿ ಗೊತ್ತುಪಡಿಸಿತು.

ಇಷ್ಟೆಲ್ಲ ಕಟ್ಟುಪಾಡಿದ್ದರೂ ಒಂದು ಮಾತನ್ನು ಗಮನಿಸಿ. ಸತ್ತವನ ಹೆಸರನ್ನು ಬೇರೊಂದು ಶಾಸನಗಲ್ಲಿನ ಮೇಲೆ ಕೆತ್ತುವುದು ವಾಡಿಕೆ. ಕಾವಲುಗಾರನನ್ನು ಅಲ್ಲಿಂದ ಕಿತ್ತೊಯ್ದರೆ, ಅವನ ಒಡೆಯ ಯಾರೆಂದು ಹೇಳುವವರೇ ಇಲ್ಲ.

ಕಿತ್ತೊಯ್ಯುವವರಿಗೇನೂ ಕೊರತೆಯಾಗಲಿಲ್ಲ. 1910ರಿಂದ 1945ರವರೆಗಿನ ಜಪಾನೀ ಆಳ್ವಿಕೆಯಲ್ಲಿ ಇಂಥ ಎಷ್ಟೋ ಶಿಲೆಗಳು ಕಡಲು ದಾಟಿ ಪರರ ತೋಟಗಳಿಗೆ ಅಲಂಕಾರವಾದುವು. ಸ್ವಾತಂತ್ರ್ಯದ ಅನಂತರವೂ ಕಳವು ನಿಲ್ಲಲಿಲ್ಲ. 1983ರಲ್ಲಿ ಒಂದು ಜೊತೆ ಮುನಿನ್‌ಸೊಕ್‌ಗಳು ಸೋಲ್ ನಗರದ ಹಳೆಯ ವಸ್ತುಗಳ ಪೇಟೆಯಲ್ಲಿ ಮಾರಾಟವಾಗಿ, ಮನೆಸಾಮಾನುಗಳ ನಡುವೆ ಅಡಗಿ ಜರ್ಮನಿ ಸೇರಿದುವು. 1987ರಲ್ಲಿ ಹ್ಯಾಂಬರ್ಗಿನ ವಸ್ತುಸಂಗ್ರಹಾಲಯವೊಂದು ಅವನ್ನು ಕೊಂಡಿತು. ಅವು ಕಳ್ಳದಾರಿಯಿಂದ ಬಂದುವೆಂಬ ಸಂಶಯವನ್ನು ಮುಂದೆ ಆ ಸಂಗ್ರಹಾಲಯದವರೇ ಎತ್ತಿದರು. ವಿಚಾರಣೆಯಾಗಿ 2019ರಲ್ಲಿ ಎರಡನ್ನೂ ಕೊರಿಯಾಕ್ಕೆ ಒಪ್ಪಿಸಿದರು. ಹೀಗೆ ತಮ್ಮ ತಪ್ಪನ್ನು ತಾವೇ ಹುಡುಕಿ ತಿದ್ದಿಕೊಂಡವರು ಅಪರೂಪ.

ಹಿಂದಿರುಗಿದ ಆ ಜೋಡಿಗೆ ನೆಲೆಯಾದುದು ಸೋಲಿನ ರಾಷ್ಟ್ರೀಯ ಜಾನಪದ ಸಂಗ್ರಹಾಲಯ. ಗುಡ್ಡದ ಮೇಲಿನ ಆ ಸಮಾಧಿಯಲ್ಲ. ದೇಶ ಸಿಕ್ಕಿತು, ಒಡೆಯ ಸಿಕ್ಕಲಿಲ್ಲ. ಕಲ್ಲನ್ನು ಹೊತ್ತು ತರಬಹುದು. ಅದು ನಿಂತಿದ್ದ ನೆಲದ ನೆನಪನ್ನು ಹೊತ್ತು ತರುವುದು ಹೇಗೆ? ಹಳೆಯ ಶಿಲೆಯೊಂದನ್ನು ಎಲ್ಲಿಯೇ ಕಂಡರೂ ಅದರ ಚೆಲುವನ್ನು ನೋಡಿ ಮೆಚ್ಚುವುದರ ಜೊತೆಗೆ, ಅದು ಯಾವ ಜಾಗ ಬಿಟ್ಟು ಬಂದಿತೆಂದೂ ಕೇಳಿನೋಡಿ.